ಶೀಟಿನ ಆಚೆ ತುದಿ

ಕುರ್ಚಿ ಮತ್ತೆ ಕಿರ್ರೆಂದಿತು, ಅಲ್ಲಾಡಬಾರದು, ಅಲ್ಲಾಡದೆ ಕೂರುವುದಾದರೂ ಹೇಗೆ, ಮಕ್ಕಳ ಕುರ್ಚಿ ಇದು, ಕೆಂಪು ಪ್ಲಾಸ್ಟಿಕ್ಕಿನದು, ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತದೆ, ಐವತ್ತೊಂದು ವರ್ಷದ ಹೆಂಗಸು ಹೀಗೆ ಮುದುರಿ ಕೂತಿದ್ದನ್ನು ನೋಡಿದರೆ ಯಾರಾದರೂ ನಗಬೇಕು, ಆದರೆ ಇಲ್ಲಿ ನಗಬೇಕಾದವರೂ ಹೀಗೇ ಮುದುರಿಕೊಂಡಿದ್ದಾರೆ, ಏಳು ಜನ, ದುಂಡಗೆ ಏಳು ಕೆಂಪು ಕುರ್ಚಿ, ಒಂದೊಂದರ ಪಕ್ಕ ಒಂದೊಂದು ಹಳದಿ ಕುರ್ಚಿ, ಹಳದಿ ಕುರ್ಚಿ ಇವತ್ತು ಕರೆದುಕೊಂಡು ಬಂದವರಿಗೆ, ನನ್ನ ಪಕ್ಕದ ಹಳದಿ ಕುರ್ಚಿಯಲ್ಲಿ ನನ್ನ ಚೀಲ ಕೂತಿದೆ. ದೊಡ್ಡವರಿಗೆ ಉಚಿತ ಕಲಿಕೆ ಅಂತ ಲೈಬ್ರರಿಯ ಬಾಗಿಲಿಗೆ ಹಾಳೆ ಅಂಟಿಸಿದ್ದರು, ಕಂಪ್ಯೂಟರ್, ಹೊಲಿಗೆ, ಸನ್ನೆ ಭಾಷೆ, ಹತ್ತು ಗುರುವಾರ, ಫೀಸಿಲ್ಲ — ಪುಕ್ಕಟೆ ಅಂದಮೇಲೆ ಜಾಗವೂ ಹಾಗೇ, ಕಂಪ್ಯೂಟರಿನವರಿಗೆ ಮೇಲಿನ ಹಾಲು, ನಮಗೆ ಮಕ್ಕಳ ಕೋಣೆ, ಗೋಡೆಯಲ್ಲಿ ಜಿರಾಫೆ, ಜಿರಾಫೆಯ ಮೂತಿಯ ಹತ್ತಿರ ಗಡಿಯಾರ, ಆರೂ ಹತ್ತು. ಆರಕ್ಕೆ ಬನ್ನಿ ಅಂತ ನಮ್ಮನೆಯವರಿಗೆ ಬರೆದಿಟ್ಟಿದ್ದೆ. ಬಂದಿಲ್ಲ. ಗಡಿಯಾರದ ಕೆಳಗೆ ದಯವಿಟ್ಟು ಮೌನವಾಗಿರಿ ಅಂತ ಬೋರ್ಡು, ಇಡೀ ಕಟ್ಟಡದಲ್ಲಿ ಆ ಬೋರ್ಡಿಗೆ ಮರ್ಯಾದೆ ಕೊಡುವವರು ನಾವು ಏಳೇ ಜನ, ಮೊದಲ ದಿನವೇ ಲೈಬ್ರರಿಯಮ್ಮ ಹೇಳಿದ್ದರು, ನಿಮ್ಮ ಟೀಚರಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಇಲ್ಲಿ ಒಂದು ಗಂಟೆ ಯಾರೂ ಬಾಯಿ ಬಿಡೋ ಹಾಗಿಲ್ಲ, ಇವತ್ತೊಂದಿನ ಅವರು ಹೇಳಿದ್ದನ್ನ ನಾನು ಬಾಯಲ್ಲಿ ಹೇಳ್ತೀನಿ, ಮುಂದಿನ ವಾರದಿಂದ ನಾನೂ ಇರಲ್ಲ. ಎದುರಿಗೆ ಬಾಗಿಲು, ಬಾಗಿಲಿನ ಮೇಲರ್ಧ ಗಾಜು, ಗಾಜಿನಾಚೆ ಪುಸ್ತಕದ ಕಪಾಟುಗಳ ಸಾಲು, ಯಾರೂ ಇಲ್ಲ, ಅದನ್ನೇ ನೋಡಬಾರದು, ನೋಡುತ್ತಾ ಕೂತರೆ ಹಾಲೂ ಉಕ್ಕುವುದಿಲ್ಲ, ಬರುವವರೂ ಬರುವುದಿಲ್ಲ.

ಕೈ ಬೇರೆ ಇವತ್ತು ಮಾತು ಕೇಳುತ್ತಿಲ್ಲ. ಬೆಳಗ್ಗೆ ಏಳರಿಂದ ಶೀಟು ಮಡಿಸಿ ಮಡಿಸಿ ಬೆರಳು ಸೆಟೆದುಕೊಂಡಿವೆ, ಆಸ್ಪತ್ರೆಯ ಲಾಂಡ್ರಿಯ ಶೀಟೆಂದರೆ ಮನೆಯ ಹೊದಿಕೆಯಲ್ಲ, ದಪ್ಪ ಬಟ್ಟೆ, ಇಸ್ತ್ರಿಯ ರೋಲರಿನಿಂದ ಬರುವಾಗ ಸುಡುತ್ತಿರುತ್ತದೆ, ಇಬ್ಬರು ಎದುರುಬದುರು ನಿಲ್ಲಬೇಕು, ಈಚೆ ಎರಡು ತುದಿ ನನ್ನದು, ಆಚೆ ಎರಡು ತುದಿ ನನ್ನ ಜೋಡಿಯದು, ಎಳೆ, ಕೊಡವು, ತುದಿಗೆ ತುದಿ ಸೇರಿಸು, ಇನ್ನೊಮ್ಮೆ ಸೇರಿಸು, ಆಮೇಲೆ ನಡೆದು ಬಂದು ಕೈಗೆ ಕೈ ಕೊಡು, ಬಗ್ಗಿ ಮಡಿಕೆ ಎತ್ತಿಕೋ, ಮತ್ತೆ ಕೈಗೆ ಕೈ, ಪಕ್ಕಕ್ಕಿಡು, ಮುಂದಿನದು. ಇಪ್ಪತ್ತೊಂಬತ್ತು ವರ್ಷ. ಈಗಿನ ನನ್ನ ಜೋಡಿಗೆ ಎಲ್ಲರೂ ಗಿಣಿ ಅಂತಾರೆ, ಊಟದ ಹೊತ್ತಲ್ಲಿ ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಆದರೆ ಮೆಷಿನ್ನುಗಳ ಹಾಲಿನೊಳಗೆ ಅವಳೂ ಮೂಕಿ, ಒಗೆಯುವ ಡ್ರಮ್ಮು ಹನ್ನೆರಡು, ಹಿಂಡುವ ಮೆಷಿನ್ನು ಆರು, ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು, ಅಲ್ಲಿ ಎಲ್ಲ ಕೈಯಲ್ಲೇ — ತಲೆ ಮೇಲೆ ಅಂಗೈ ಇಟ್ಟರೆ ಟೋಪಿ, ಟೋಪಿ ಅಂದರೆ ಸೂಪರ್‌ವೈಸರ್ ಬಂದ, ಎರಡು ಬೆರಳು ತುಟಿಗೆ ತಾಗಿಸಿದರೆ ಟೀ, ಎರಡೂ ಕೈ ಎದೆಮಟ್ಟಕ್ಕೆತ್ತಿ ಹೆಬ್ಬೆರಳು ತೋರುಬೆರಳು ಚಿಮುಟಿ ಹಿಡಿದರೆ, ಗಾಳಿಯಲ್ಲಿ ಶೀಟು ಹಿಡಿದ ಹಾಗೆ, ಅದು ತುದಿ ಹಿಡಿ ಅಂತ, ನಾನು ತಯಾರು, ನೀನು ಬಾ ಅಂತ. ಅದನ್ನು ಕಂಡರೆ ಏನು ಕೆಲಸವಿದ್ದರೂ ಬಿಟ್ಟು ಹೋಗಬೇಕು, ಎತ್ತಿದ ಕೈಯನ್ನು ಕಾಯಿಸುವ ಹಾಗಿಲ್ಲ, ಏ ಬಾರೇ ಮಹಾತಾಯಿ, ಭುಜ ಬಿದ್ದುಹೋಗತ್ತೆ ಅಂತ ಗಿಣಿ ಆಮೇಲೆ ಬೈಯುತ್ತಾಳೆ. ನನಗೆ ಮೊಟ್ಟಮೊದಲು ಹಾಗೆ ಕೈ ಎತ್ತಿದವರು ಇವರು. ಇಪ್ಪತ್ತೆರಡು ವಯಸ್ಸು ನನಗೆ, ಸೇರಿ ಎರಡು ದಿನ, ಜೋಡಿ ರಜೆ ಹಾಕಿದ್ದಳು, ಡ್ರಮ್ಮಿನ ಕಡೆಯಿಂದ ಇವರು ಬಂದು ಎದುರಿಗೆ ನಿಂತು ಬರಿಗೈ ಎತ್ತಿ ಚಿಮುಟಿ ಹಿಡಿದರು, ಇದ್ಯಾವ ಹುಚ್ಚಪ್ಪ ಅಂತ ನೋಡಿದೆ, ಇವರು ಇಳಿಸಲಿಲ್ಲ, ನನಗೆ ಅರ್ಥವಾಗುವವರೆಗೂ ಹಾಗೇ ನಿಂತರು. ಮೊದಲ ಶೀಟಿಗೇ ಕೈ ತಾಗಿತು, ಎಂಟನೆಯದಕ್ಕೆ ನಗು ಬಂತು, ವರ್ಷ ತುಂಬುವುದರೊಳಗೆ ಮದುವೆ. ಎಲ್ಲರದೂ ಕೈ ಹಿಡಿದ ಮದುವೆ, ನಮ್ಮದು ಮಾತ್ರ ತುದಿ ಹಿಡಿದ ಮದುವೆ ಅಂತ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ನಗಿಸುವುದು ನನ್ನ ಚಾಳಿ, ನಾಲಿಗೆ ಉದ್ದ, ಅದರ ದೆಸೆಯಿಂದಲೇ ಈ ಕುರ್ಚಿ. ಮೂರು ಸಲ ಕರೆದರೂ ತಿರುಗುತ್ತಿರಲಿಲ್ಲ ಇವರು, ಏನ್ರೀ, ಕಿವಿಗೆ ಹತ್ತಿ ಇಟ್ಕೊಂಡಿದೀರಾ, ಗೋಡೆ ಹತ್ರ ಮಾತಾಡಿದ್ರೆ ಅದಾದ್ರೂ ಕೇಳಿಸ್ಕೊಳ್ತಿತ್ತು — ಹೆಂಡತಿ ಮಾತು ಯಾವ ಗಂಡನ ಕಿವಿಗೆ ಬಿದ್ದಿದೆ, ಎಲ್ಲರ ಮನೆಯ ದೋಸೆಯೂ ತೂತೇ ಅಂತ ತಿಳಿದಿದ್ದೆ, ಇವರು ತಲೆ ಆಡಿಸುತ್ತಿದ್ದರು, ಹೂಂ ಅನ್ನಬೇಕಾದ ಕಡೆ ಹೂಂ, ಮುಖ ನೋಡಿಕೊಂಡು ಒಂದು ನಗು. ಕ್ಯಾಂಟೀನಿನಲ್ಲಿ ಆ ದಿನ ಇಪ್ಪತ್ತು ಜನ ಇದ್ದರು, ಇವರನ್ನು ಎದುರಿಗೆ ಕೂರಿಸಿಕೊಂಡೇ ಅಂದುಬಿಟ್ಟೆ, ನಮ್ಮನೆಯವರಿಗೆ ಕಿವಿ ಎರಡಿವೆ ಕಣ್ರೇ, ಎರಡನ್ನೂ ಬಾಡಿಗೆಗೆ ಬಿಟ್ಟಿದಾರೆ, ಮನೆಗೆ ಬರೋದು ಬರೀ ತಲೆ. ಟೇಬಲ್ ಬಡಿದು ಬಡಿದು ನಕ್ಕರು, ಗಿಣಿಗೆ ನೀರು ನೆತ್ತಿಗೆ ಹತ್ತಿತು, ಇವರೂ ನಕ್ಕರು. ಒಂದು ಕ್ಷಣ ತಡವಾಗಿ ನಕ್ಕರು. ಒಬ್ಬೊಬ್ಬರ ಮುಖವನ್ನೂ ನೋಡಿ, ನಗುತ್ತಿದ್ದಾರೆ ಅಂತ ತಿಳಿದು, ಆಮೇಲೆ ನಕ್ಕರು, ಯಾವ ಮಾತಿಗೆ ಅಂತ ಗೊತ್ತಿಲ್ಲದೆ, ತಮ್ಮ ಮೇಲಿನ ಮಾತಿಗೆ ತಾವೇ. ಅದನ್ನು ಕಂಡೆ, ಕಂಡೂ ಕಾಣದವಳ ಹಾಗೆ ತಟ್ಟೆ ಎತ್ತಿಕೊಂಡು ಎದ್ದೆ. ಮೂರು ತಿಂಗಳ ಮೇಲೆ ಡ್ರಮ್ಮಿನ ಅಪಾಯದ ಗಂಟೆ ಬಡಿದುಕೊಳ್ಳುತ್ತಿದ್ದರೂ ಇವರು ಬಗ್ಗಿ ಅದರ ಬಾಗಿಲಿಗೆ ಕೈ ಹಾಕಿದರು, ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದು ಬದುಕಿಸಿದರು, ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಇದು ಇವತ್ತು ನಿನ್ನೆಯದಲ್ಲಮ್ಮ, ಎರಡು ಮೂರು ವರ್ಷದಿಂದ ಹೋಗ್ತಾ ಬಂದಿದೆ, ನಿಮಗೆ ಗೊತ್ತಾಗ್ಲಿಲ್ವಾ. ಗೊತ್ತಾಗ್ಲಿಲ್ವಾ. ಒಂದೇ ಹಾಸಿಗೆ, ಒಂದೇ ಬಸ್ಸು, ಒಂದೇ ಲಾಂಡ್ರಿ. ಕೆಲಸ ಹೋಗುತ್ತದೆ ಅಂತ ಮುಚ್ಚಿಟ್ಟಿದ್ದರು, ಎಲ್ಲರಿಂದಲೂ, ನನ್ನಿಂದ ಇನ್ನೂ ಹೆಚ್ಚು, ಬಾಯಿಗೆ ಬಂದದ್ದನ್ನು ಆಡುವವಳ ಹತ್ತಿರ ಯಾರು ಗುಟ್ಟು ಹೇಳುತ್ತಾರೆ.

ಲೈಟು ಆರಿತು, ಹತ್ತಿತು, ಆರಿತು, ಹತ್ತಿತು — ಟೀಚರಮ್ಮ, ಇತ್ತ ನೋಡಿ ಅನ್ನುವುದು ಹೀಗೆ. ನನ್ನ ಮಗಳಿಗಿಂತ ಚಿಕ್ಕವಳು, ಅವಳ ಕೈ ನೋಡುತ್ತಿದ್ದರೆ ಹೊಟ್ಟೆಕಿಚ್ಚಾಗುತ್ತದೆ, ನೀರಿನಲ್ಲಿ ಮೀನು ತಿರುಗಿದ ಹಾಗೆ ತಿರುಗುತ್ತವೆ ಆ ಬೆರಳು, ಕೊನೇ ಕ್ಲಾಸು, ಒಬ್ಬೊಬ್ಬರೇ ಎದ್ದು ನಿಂತು, ನಿಮ್ಮವರಿಗೆ ಹೇಳಬೇಕು ಅಂದುಕೊಂಡಿದ್ದನ್ನು ಹೇಳಿ, ಎದುರಿಗೆ ನಿಂತು, ಕಣ್ಣು ನೋಡಿಕೊಂಡು. ಎದುರಿಗೆ ನಿಂತು. ಅದೇ ಈ ಭಾಷೆಯ ಕಷ್ಟ, ಬೆನ್ನಿಗೆ ಹೇಳಲಾಗುವುದಿಲ್ಲ, ಅಡುಗೆಮನೆಯಿಂದ ಕೂಗಲಾಗುವುದಿಲ್ಲ, ಕೇಳುವವರು ಕಣ್ಣು ಮುಚ್ಚಿಕೊಂಡರೆ ನಮ್ಮ ಬಾಯಿ ಕಟ್ಟಿದ ಹಾಗೆ. ಇವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಎರಡು ತಿಂಗಳಾಯಿತು. ಕೆಲಸವೂ ಹೋಗಿದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಎದುರಿಗೆ ಬಂದು ಕೈ ಎತ್ತಿದರೆ ಸಾಕು, ಮೆಲ್ಲಗೆ, ಸಿಟ್ಟೂ ಇಲ್ಲದೆ, ಕದ ಹಾಕಿದಂತೆ ಎರಡೂ ರೆಪ್ಪೆ. ಮಾತನ್ನು ಅದಕ್ಕೂ ಮೊದಲೇ ನಿಲ್ಲಿಸಿದ್ದರು, ಅಂಗಡಿಯಲ್ಲಿ ಬಲ್ಬು ಕೇಳಲು ಹೋಗಿ ಎಷ್ಟು ಜೋರಾಗಿ ಕೂಗಿದರೋ, ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರಂತೆ, ತನ್ನ ದನಿ ತನಗೇ ಕೇಳದವರು ದನಿಯ ಅಳತೆ ಹೇಗೆ ಹಾಕಬೇಕು, ಅವತ್ತಿಗೆ ಬಾಯಿ ಮುಚ್ಚಿದವರು ಇನ್ನೂ ತೆರೆದಿಲ್ಲ. ಅಪ್ಪಂಗೆ ಕಿವಿ ಮೆಷಿನ್ ಹಾಕ್ಸಮ್ಮ ಅಂತ ಮಗಳು ಫೋನಿನಲ್ಲಿ, ಹಾಕಿಸಿದೆ ತಾಯಿ, ಹಾಕಿಸಿದೆ, ತಟ್ಟೆಗಳನ್ನೆಲ್ಲ ಒಟ್ಟಿಗೆ ನೆಲಕ್ಕೆ ಹಾಕಿದ ಹಾಗೆ ಕೇಳತ್ತೆ ಅಂತ ಬರೆದುಕೊಟ್ಟು ಡ್ರಾಯರಿನಲ್ಲಿಟ್ಟರು. ಬರೆಯುವುದೊಂದು ಉಳಿಯಿತು, ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ, ಸಕ್ಕರೆ ಮುಗಿದಿದೆ, ನಲ್ಲಿ ಸೋರುತ್ತಿದೆ, ಬರುವುದು ತಡ. ಸಕ್ಕರೆಗೆ ಚೀಟಿ ಸಾಕು. ಚೀಟಿಯಲ್ಲಿ ಜಗಳ ಆಡಲು ಆಗುತ್ತದೆಯೇ? ಒಂದು ಸಲ ಬರೆದು ನೋಡಿದೆ, ಅವತ್ತು ಕ್ಯಾಂಟೀನಿನಲ್ಲಿ ನಾನು ಅಂದಿದ್ದು ಅಂತ ಶುರು ಮಾಡಿ, ಬರೆದದ್ದನ್ನು ಓದಿಕೊಂಡರೆ ಅರ್ಜಿಯ ಹಾಗಿತ್ತು, ಸೂಪರ್‌ವೈಸರಿಗೆ ರಜೆ ಕೇಳಿದ ಹಾಗೆ, ಹರಿದುಹಾಕಿದೆ. ನನಗೆ ಇವರ ಮುಖ ನೋಡಿಕೊಂಡು ಹೇಳಬೇಕಿತ್ತು. ಅದಕ್ಕೇ ಬಂದೆ ಇಲ್ಲಿಗೆ, ಹತ್ತು ಗುರುವಾರ, ನಿಂತ ಕಾಲಲ್ಲೇ ಬಸ್ಸು ಹತ್ತಿ, ಕಲಿತದ್ದರಲ್ಲಿ ಅರ್ಧ ಮರೆತೆ, ಇದೊಂದನ್ನು ಮರೆತಿಲ್ಲ, ಮುಷ್ಟಿ ಕಟ್ಟಿ ಎದೆಯ ಮೇಲೆ ಒಂದು ಸುತ್ತು, ತಪ್ಪಾಯ್ತು.

ಅಜ್ಜಿ ಎದ್ದಳು, ಮೊಮ್ಮಗಳಿಗಾಗಿ ಕಲಿಯುತ್ತಿರುವ ಅಜ್ಜಿ, ಎಪ್ಪತ್ತು ದಾಟಿದೆ, ಬೆರಳಿನ ಗೆಣ್ಣೆಲ್ಲ ಊದಿದೆ, ಹಳದಿ ಕುರ್ಚಿಯಲ್ಲಿ ಆರು ವರ್ಷದ ಹುಡುಗಿ, ಈ ಕೋಣೆಯಲ್ಲಿ ಕುರ್ಚಿ ಸರಿಹೊಂದಿದ್ದು ಅವಳೊಬ್ಬಳಿಗೇ, ಅಜ್ಜಿ ನಿಧಾನವಾಗಿ ಏನೋ ಹೇಳಿದಳು, ಹಲ್ಲು, ಉಜ್ಜು, ದಿನಾ — ಅಯ್ಯೋ ಅಜ್ಜೀ, ಹತ್ತು ವಾರ ಕಲಿತು ಹಲ್ಲುಜ್ಜು ಅಂತ ಹೇಳಕ್ಕಾ — ಹುಡುಗಿ ಉಜ್ಜಲ್ಲ ಅಂತ ಕೈ ಬೀಸಿತು, ಇಬ್ಬರೂ ಜಗಳಕ್ಕೆ ಬಿದ್ದರು, ಪಟಪಟ ಕೈ, ಹುಡುಗಿಯ ಕಣ್ಣು ಅಜ್ಜಿಯ ಕೈ ಬಿಟ್ಟು ಅಲ್ಲಾಡಲಿಲ್ಲ. ಹೀಗೆ ಜಗಳ ಆಡಬೇಕು ನನಗೂ. ಆರೂ ಇಪ್ಪತ್ತು. ಇನ್ನು ಇಬ್ಬರಾದರೆ ನಾನು. ಮೊದಲನೇ ಗುರುವಾರ ಟೀಚರಮ್ಮ ಹೇಳಿದ್ದು, ಲೈಬ್ರರಿಯಮ್ಮನ ಬಾಯಲ್ಲಿ, ನಿಮ್ಮ ಮನೆಮನೆ ಸನ್ನೆಗಳನ್ನೆಲ್ಲ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ, ಇಲ್ಲಿ ಸರಿಯಾದ ಭಾಷೆ ಕಲೀತೀರ, ಕಲಸಬೇಡಿ. ಬಿಟ್ಟೆ. ನಾನು ಹೇಳಿದ ಮಾತು ಕೇಳುವ ವಿದ್ಯಾರ್ಥಿ, ಶಾಲೆಯಲ್ಲೂ ಹಾಗೇ, ಲಾಂಡ್ರಿಯದು ಅಂದರೆ ಟೋಪಿ ಬಂದ, ಟೀ ಕುಡಿ, ಅದೂ ಒಂದು ಭಾಷೆಯಾ, ಮೆಷಿನ್ನು ಬಡಿಯುವಾಗಿನ ಚೇಷ್ಟೆ ಅದು ಅಂತ ತಿಳಿದೆ. ಎರಡನೇ ವಾರ ಚಿತ್ರದ ಹಾಳೆ ಕೊಟ್ಟರು, ಮನೆಯಲ್ಲಿ ಇವರ ಎದುರಿಗೆ ಟೇಬಲಿನ ಮೇಲೆ ಹರವಿ ಕೂತೆ, ನೋಡಿ, ಇದು ನೀರು, ಇದು ಊಟ, ಇದು ಮನೆ, ಬೆರಳು ತೋರಿಸಿ ತೋರಿಸಿ, ಮೂವತ್ತು ವರ್ಷ ಡ್ರಮ್ಮು ನಡೆಸಿದ ಮನುಷ್ಯನಿಗೆ ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ, ಇವರು ನೋಡಿದರು, ಪಾಪ, ಆಗಿನ್ನೂ ನೋಡುತ್ತಿದ್ದರು, ಹಾಳೆ ನೋಡಿದರು, ನನ್ನನ್ನು ನೋಡಿದರು, ಎದ್ದರು, ಟೇಬಲಿನ ಆಚೆ ಹೋಗಿ ನಿಂತರು, ಎರಡೂ ಕೈ ಎದೆಮಟ್ಟಕ್ಕೆ ಎತ್ತಿದರು, ಬರಿಗೈ, ಹೆಬ್ಬೆರಳು ತೋರುಬೆರಳು ಚಿಮುಟಿ —

ಹಾಗಲ್ಲ ಅಂದೆ. ತಲೆ ಅಲ್ಲಾಡಿಸಿದೆ, ಬೆರಳು ಅಲ್ಲಾಡಿಸಿದೆ, ಹೊಸದಾಗಿ ಕಲಿತವಳ ಜಂಬ, ಎದ್ದು ಹೋಗಿ ಆ ಎರಡು ಕೈಯನ್ನು ನಾನೇ ಕೆಳಗಿಳಿಸಿದೆ, ಚಿಮುಟಿ ಬಿಡಿಸಿದೆ, ಹೀಗೆ ರೀ, ಮನೆ ಅಂದರೆ ಹೀಗೆ, ಎರಡು ಅಂಗೈ ಸೇರಿಸಿ ಸೂರಿನ ಹಾಗೆ, ಟೀಚರಮ್ಮ ಹೇಳಿಕೊಟ್ಟ ಹಾಗೆ. ಕೈ ನನ್ನ ಕೈಯೊಳಗೆ ಸುಮ್ಮನಿತ್ತು. ಆಮೇಲೆ ಹೋಗಿ ಕಿಟಕಿ ಹತ್ತಿರ ಕೂತರು, ಕಣ್ಣು ಮುಚ್ಚಿದ್ದು ಅವತ್ತೇ. ನಾನೋ, ಹಟ, ಕಲಿಯಕ್ಕೆ ಸೋಮಾರಿತನ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪಾಡು ಅಂತ ಗಿಣಿಯ ಹತ್ತಿರ ಹೇಳಿಕೊಂಡೆ, ಊಟದ ಹೊತ್ತಲ್ಲಿ, ಮತ್ತೆ ನಾಲ್ಕು ಜನ ನಕ್ಕರು. ಗೊತ್ತಾಗಿದ್ದು ಇವತ್ತು, ಮಧ್ಯಾಹ್ನ ಮೂರು ಗಂಟೆಗೆ, ಇನ್ನೂರೋ ಇನ್ನೂರೈವತ್ತೋ ಶೀಟಾದ ಮೇಲೆ, ಸುಸ್ತಾಗಿ ಗೋಡೆಗೊರಗಿ ನಿಂತಿದ್ದೆ, ಗಿಣಿ ಆಚೆಯಿಂದ ಕೈ ಎತ್ತಿ ಚಿಮುಟಿ ಹಿಡಿದಳು, ನನ್ನ ಕಾಲು ತಾನೇ ನಡೆಯಿತು, ನನ್ನನ್ನು ಕೇಳಲೂ ಇಲ್ಲ, ಅರ್ಧ ದಾರಿಯಲ್ಲಿ ಟೇಬಲಿನಾಚೆ ನಿಂತ ಇವರು ನೆನಪಾಗಿ ನಿಂತುಬಿಟ್ಟೆ, ಏನಾಯ್ತೇ ನಿನಗೆ, ಹೆಣದ ಹಾಗೆ ಬೆಳ್ಳಗಾದ್ಯಲ್ಲ, ಅಂತ ಗಿಣಿಯ ಬಾಯಿ ಆಡಿದ್ದು ಕಂಡಿತು. ತುದಿ ಹಿಡಿ ಅಂದಿದ್ದರು ಇವರು. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮೊದಲ ಮಾತು. ನೀನು ಇಷ್ಟೆಲ್ಲ ಒದ್ದಾಡಬೇಡ, ನಮಗೆ ಭಾಷೆ ಇದೆ ಅಂದಿದ್ದರು, ನಾನು ಅದನ್ನು ಕೈಹಿಡಿದು ಇಳಿಸಿ ತಪ್ಪು ಅಂದೆ. ಕಿವುಡಿ ನಾನು ಕಣ್ರೀ, ನಾನೇ. ಈಗ ಒಂದಲ್ಲ, ಎರಡಾಯಿತು ಹೇಳಬೇಕಾದ್ದು, ಕ್ಯಾಂಟೀನಿನದೊಂದು, ಟೇಬಲಿನದೊಂದು, ಮುಷ್ಟಿ ಎರಡು ಸುತ್ತು ಸುತ್ತಬೇಕು, ಸುತ್ತುವುದು ಯಾರಿಗೆ, ಚೀಲಕ್ಕಾ.

ಬೆಳಗ್ಗೆ ಬರೆದಿಟ್ಟ ಚೀಟಿಯಲ್ಲಿ ಇದ್ಯಾವುದೂ ಇಲ್ಲ, ಆಗ ಗೊತ್ತಿರಲಿಲ್ಲ, ಸಂಜೆ ಆರಕ್ಕೆ ಲೈಬ್ರರಿ, ಮಕ್ಕಳ ಕೋಣೆ, ಕೊನೇ ಕ್ಲಾಸು, ಒಂದೇ ಒಂದು ಸಲ ಬನ್ನಿ, ಅಷ್ಟೇ. ಲೋಟದ ಕೆಳಗೆ ಸಿಕ್ಕಿಸಿದ್ದನ್ನು ತೆಗೆದು ಓದಿದರು, ನಾಲ್ಕು ಮಡಿಕೆ ಮಾಡಿದರು, ಮೂಲೆಗೆ ಮೂಲೆ ಸರಿಯಾಗಿ, ಲಾಂಡ್ರಿಯವರ ಮಡಿಕೆ, ಅಂಗಿಯ ಜೇಬಿಗೆ ಹಾಕಿಕೊಂಡರು. ಜೇಬಿಗೆ ಹಾಕಿಕೊಂಡದ್ದನ್ನು ನೆನೆದುಕೊಂಡು ದಿನವಿಡೀ ಶೀಟು ಮಡಿಸಿದೆ, ಆಸೆ ಯಾರಪ್ಪನ ಮನೆಯದು. ಆರೂ ಇಪ್ಪತ್ತೆಂಟು. ಬಾಗಿಲು ನೋಡುವುದು ಬಿಟ್ಟು ಎಷ್ಟೋ ಹೊತ್ತಾಯಿತು, ಕಣ್ಣು ಮಂಜಾಗುತ್ತದೆ, ಜಿರಾಫೆ ಎರಡಾಗುತ್ತದೆ, ಬೇಡ, ಚೀಲವನ್ನು ನೋಡುತ್ತೇನೆ, ಚೀಲದ ಹಿಡಿ ಹರಿದಿದೆ, ಹೊಲಿಯಬೇಕು, ಈ ಹೊಲಿಗೆ ಕ್ಲಾಸಿಗಾದರೂ ಸೇರಿದ್ದರೆ ಚೀಲವಾದರೂ ರಿಪೇರಿ ಆಗುತ್ತಿತ್ತು, ಸಾಕಾಯಿತಪ್ಪ, ಮನೆಗೆ ಹೋಗಬೇಕು, ಕಾಲು ಚಾಚಿ ಮಲಗಬೇಕು, ಆ ಮನೆಗೆ, ಗೋಡೆ ಗಡಿಯಾರ ಟಕ್ ಟಕ್ ಅನ್ನುವುದು ನನಗೊಬ್ಬಳಿಗೇ ಕೇಳುವ ಮನೆಗೆ — ಲೈಟು ಆರಿತು, ಹತ್ತಿತು, ಟೀಚರಮ್ಮನ ಬೆರಳು ನನ್ನ ಕಡೆ, ನಿಮ್ಮ ಸರದಿ, ನಿಮ್ಮವರು ಎಲ್ಲಿ, ಬಂದಿಲ್ಲ ಅಂತ ಕೈಯಲ್ಲಿ ಹೇಳಿದೆ, ಅದೊಂದು ಸಲೀಸಾಗಿ ಬಂತು, ಬಂದಿಲ್ಲ, ಬರುವುದಿಲ್ಲ, ಅವಳು ನನ್ನ ಮುಖ ನೋಡಿದಳು, ಬಂದು ಹಳದಿ ಕುರ್ಚಿಯ ಮೇಲಿನ ಚೀಲ ಎತ್ತಿ ನೆಲಕ್ಕಿಟ್ಟಳು, ಪರವಾಗಿಲ್ಲ, ಕುರ್ಚಿಗೆ ಹೇಳಿ, ನಾವು ನೋಡ್ತೀವಿ. ಖಾಲಿ ಕುರ್ಚಿಗೆ. ಆಯಿತಮ್ಮ, ಏಳುತ್ತೇನೆ, ಮೊಣಕಾಲು ಲಟಕ್ಕೆಂದಿತು, ಟೀಚರಮ್ಮನಿಗೆ ಕೇಳಲಿಲ್ಲ, ಕೇಳಿದವರೂ ನಗಲಿಲ್ಲ, ಬೆರಳು ಮಡಚುತ್ತಿಲ್ಲ, ಮಡಚಿಕೋ, ಮುಷ್ಟಿ, ಎದೆಯ ಮೇಲೆ, ಒಂದು ಸುತ್ತು, ಅಜ್ಜಿಯ ಮೊಮ್ಮಗಳು ನನ್ನನ್ನು ನೋಡುತ್ತಿಲ್ಲ, ಬಾಗಿಲ ಕಡೆ ಬೆರಳು ತೋರಿಸುತ್ತಿದೆ —

ಗಾಜಿನಾಚೆ. ಇವರು. ಒಳಗೆ ಬಂದಿಲ್ಲ, ಕದ ತಟ್ಟಿಲ್ಲ, ಇಸ್ತ್ರಿ ಅಂಗಿ, ಜೇಬಿನಿಂದ ಚೀಟಿಯ ಮೂಲೆ ಇಣುಕಿದೆ, ಎಷ್ಟು ಹೊತ್ತಿನಿಂದ ನಿಂತಿದ್ದಾರೋ, ನಾನು ಚೀಲ ನೋಡುತ್ತಿದ್ದೆನಲ್ಲ, ತೋಳು ನಡುಗುತ್ತಿದೆ, ತೋಳು ನಡುಗುತ್ತಿದೆ ಅಂದರೆ ಎತ್ತಿ ಬಹಳ ಹೊತ್ತಾಗಿದೆ, ನಾನೇ ಇಳಿಸಿದ್ದನ್ನು ಮತ್ತೆ ಎತ್ತಿದ್ದಾರೆ, ಕಣ್ಣು ತೆರೆದಿದೆ, ಮೊದಲು ತಪ್ಪಾಯ್ತು ಹೇಳಲೇ, ಮುಷ್ಟಿ ಎದೆಯ ಮೇಲೇ ಇದೆ, ಬಿಚ್ಚಿಕೊಳ್ಳುತ್ತಿದೆ, ಕಾಯಿಸುವ ಹಾಗಿಲ್ಲ, ಭುಜ ಬಿದ್ದುಹೋಗುತ್ತದೆ, ಎಷ್ಟು ಹೆಜ್ಜೆ ಬಾಗಿಲಿಗೆ, ಎರಡು ಕೈ, ಎದೆಮಟ್ಟ, ಹೆಬ್ಬೆರಳಿಗೆ ತೋರುಬೆರಳು, ಇಳಿಸಿಲ್ಲ, ಎರಡು ಕೈ, ಬರೀ ಗಾಳಿ ಹಿಡಿದ ಎರಡು ಕೈ, ಇಳಿಸಿಲ್ಲ